ದೊಡ್ಡ ಅಳತೆಯ ಬಳೆಗಳು

ಕಳೆದ ತಿಂಗಳು ತಾಂಡೂರಿನಲ್ಲಿ ನಮ್ಮ ಓಣಿಯ ಮಾಸ್ತರರು ತೀರಿಕೊಂಡರು. ಸರ್ಕಾರಿ ಶಾಲೆಯಲ್ಲಿ ಬಹಳ ವರ್ಷ ಲೆಕ್ಕ ಕಲಿಸಿದವರು. ಊರಿನ ಅರ್ಧ ಗಂಡಸರು ಅವರ ಕೈಯಲ್ಲಿ ಕಲಿತವರೇ. ಇಲ್ಲಿಯ ಕೆಲವು ಕನ್ನಡ ಹುಡುಗರು ಕೈಬರಹದಲ್ಲಿ ಒಂದು ಸಂಚಿಕೆ ಹೊರಡಿಸುತ್ತಾರೆ. ಅದಕ್ಕೆ ಮಾಸ್ತರರ ಮೇಲೆ ನಾಲ್ಕು ಮಾತು ಬರೆದುಕೊಡಬೇಕೆಂದು ನನ್ನನ್ನು ಕೇಳಿದರು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದವಳು, ಅವರ ಪಕ್ಕದ ಮನೆಯಲ್ಲೇ ಬೆಳೆದವಳು, ಅದಕ್ಕೆ.

“ಅವರ ಸಂಸಾರದ ಮ್ಯಾಲೂ ಬರೀರಿ ಅಕ್ಕಾ. ಹೆಂಡತಿನ್ನ ಹಂಗ ಪ್ರೀತಿ ಮಾಡೋರು ಈಗ ಎಲ್ಲಿ ಅದಾರ್ರಿ?” ಎಂದರು.

ಬರೆಯಲು ಕೂತೆ. ಆ ಸಂಸಾರವನ್ನು ನೆನೆದಾಗ ನನ್ನ ಕಣ್ಣಿಗೆ ಬರುವವರು ಮಾಸ್ತರರಲ್ಲ, ಅವರ ಹೆಂಡತಿ. ಆದ್ದರಿಂದ ಇದು ಆಕೆಯ ಬಗ್ಗೆ.

ಆಕೆಯ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದಾಗ ಬೇರೆ ಗಂಡಸಿನ ಬಾಯಲ್ಲಿ ತನ್ನ ಹೆಸರು ಬಂದರೆ ಆಕೆ ಹೆದರುತ್ತಿದ್ದಳು. ಈ ಸಂಚಿಕೆಯನ್ನು ಓದುವವರು ಹೆಚ್ಚಾಗಿ ಗಂಡಸರೇ. ನಾನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಕ್ಕನ ಕೈಗಳು ಬಹಳ ಸಣ್ಣವು. ರೊಟ್ಟಿ ತಟ್ಟುವಾಗ ಆ ಅಂಗೈಯಿಂದ ಅಷ್ಟಗಲದ ರೊಟ್ಟಿ ಹೇಗೆ ಹುಟ್ಟುತ್ತದೆ ಎಂದು ನನಗೆ ಸೋಜಿಗ. ಆಕೆಗೆ ಒಂದು ಅಭ್ಯಾಸವಿತ್ತು. ಯಾವ ಕೆಲಸ ಶುರು ಮಾಡುವ ಮುಂಚೆಯೂ ಎರಡೂ ತೋಳನ್ನು ಮೇಲಕ್ಕೆತ್ತಿ ಒಮ್ಮೆ ಜಾಡಿಸುವಳು. ಬಳೆಗಳೆಲ್ಲ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಹೋಗಿ ನಿಲ್ಲುವವು. ಕೈ ಕೆಳಗಿಳಿಸಿದ ಕೂಡಲೇ ಮತ್ತೆ ಝಲ್ಲೆಂದು ಮಣಿಕಟ್ಟಿಗೆ ಬಂದು ಬೀಳುವವು. ಆ ಸದ್ದು ನಮ್ಮ ಹಿತ್ತಲಿಗೂ ಕೇಳುತ್ತಿತ್ತು. ಗೋಡೆಯ ಆಚೆ ಅಕ್ಕ ಬಾವಿಯ ಹತ್ತಿರ ಇದ್ದಾಳೋ ಒಲೆಯ ಮುಂದೆ ಇದ್ದಾಳೋ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ. ಅಷ್ಟು ದೊಡ್ಡ ಅಳತೆಯ ಬಳೆಗಳು ಅವು. ಆಕೆಯ ಕೈಗೆ ತಕ್ಕವಲ್ಲ.

ಆ ಬಳೆಗಳು ಆಕೆಯ ಕೈಗೆ ಹೇಗೆ ಬಂದವು ಎಂಬುದನ್ನು ಮೊದಲು ಹೇಳಬೇಕು.

ಅಕ್ಕನ ತವರು ನಾರಾಯಣಖೇಡದ ಆಚೆ, ನಾಗಲಗಿದ್ದದ ಕಡೆಯ ಒಂದು ಹಳ್ಳಿ. ಯಾರದೋ ಮದುವೆಯ ಮನೆಯಲ್ಲಿ ಹೆಂಗಸರು ಅರಿಶಿನ ಕುಟ್ಟುತ್ತಾ ಹಾಡುವಾಗ ಮಾಸ್ತರರು ಅಂಗಳದಲ್ಲಿ ಕೂತಿದ್ದರಂತೆ. ಒಳಗಿನ ದನಿಗಳಲ್ಲಿ ಒಂದನ್ನು ಬೇರೆ ಮಾಡಿ ಕೇಳಿ, ಆ ಹುಡುಗಿ ಯಾರೆಂದು ವಿಚಾರಿಸಿ, ಉಟ್ಟ ಸೀರೆಯ ಮೇಲೆ ಮದುವೆ ಮಾಡಿಕೊಡಿ ಎಂದು ತಾವೇ ಕೇಳಿ ಮಾಡಿಕೊಂಡರು. ನಮ್ಮ ಓಣಿಯಲ್ಲಿ ಇದನ್ನು ಕಥೆಯ ಹಾಗೆ ಹೇಳುತ್ತಿದ್ದರು. ಬಂದ ಹೊಸತರಲ್ಲಿ ಅಕ್ಕ ಬೆಳಗಿನ ಹೊತ್ತು ಜೋಳ ಬೀಸುತ್ತಾ ಹಾಡುವಳು, ಮಾಸ್ತರರು ಶೇರವಾನಿ ತೊಟ್ಟುಕೊಂಡು ಶಾಲೆಗೆ ಹೊರಡುವುದನ್ನೇ ಮರೆತು ಪಡಸಾಲೆಯಲ್ಲಿ ನಿಂತು ಕೇಳುವರು. ಇದು ಸುಳ್ಳಲ್ಲ. ನಾನು ಆಗ ತೀರ ಚಿಕ್ಕವಳಾದರೂ ನನಗೆ ನೆನಪಿದೆ.

ಆ ವರ್ಷವೇ ಬಳೆಗಾರ ಚಾಚಾ ಓಣಿಗೆ ಬಂದ. ತಾಂಡೂರು, ಯಾಲಾಲ್, ಜಹೀರಾಬಾದು ಎಂದು ಊರೂರು ಸುತ್ತುವ, ಆಗಲೇ ನರೆತ ಗಡ್ಡದವನು. ಎದುರುಮನೆ ದೊಡ್ಡವ್ವನ ಕಟ್ಟೆಯ ಮೇಲೆ ಬಳೆಗಳ ಮಲಾರ ಬಿಚ್ಚಿ ಕೂತರೆ ಓಣಿಯ ಹೆಂಗಸರೆಲ್ಲ ಅಲ್ಲಿ. ಪರಗಂಡಸು ಮೈ ಮುಟ್ಟುವ ಮಾತೇ ಇಲ್ಲದ ನಮ್ಮ ಮನೆಗಳಲ್ಲಿ ಬಳೆಗಾರನಿಗೆ ಮಾತ್ರ ಕೈ ಕೊಡಬಹುದು. ಅವನು ಯಾವ ಜಾತಿಯವನಾದರೂ ಆ ಹೊತ್ತಿಗೆ ತವರಿನ ಕಡೆಯವನು. ಬಳೆ ಇಡಿಸಿಕೊಂಡಾದ ಮೇಲೆ ಅವನಿಗೆ ಕೈಮುಗಿದು ಏಳಬೇಕು.

ಅಕ್ಕ ಹೊಸ ಸೊಸೆ. ನಾಚಿಕೊಂಡು ಕೈ ಬಿಗಿ ಹಿಡಿದಿದ್ದಳು.

“ಕೈ ಸಡಿಲ ಬಿಡ್ ಬೇಟಿ. ನಾ ಏನ್ ನಿನ್ನ ಕೈ ಕಸಗೊಂಡು ಓಡಿ ಹೋಗ್ತೀನಾ?” ಎಂದ ಚಾಚಾ.

“ಓಡಿ ಹೋಗಾಕ ನಿನ್ನ ಮೊಣಕಾಲಾಗ ಎಣ್ಣಿ ಎಲ್ಲದ ಚಾಚಾ!” ಎಂದಳು ದೊಡ್ಡವ್ವ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಆ ಹಾಡುವ ಗಂಟಲಿನಿಂದಲೇ. ಅದೇ ಹೊತ್ತಿಗೆ ಮಾಸ್ತರರು ಶಾಲೆ ಬಿಟ್ಟು ಓಣಿಯ ತಿರುವಿಗೆ ಬಂದಿದ್ದರು. ನಿಂತರು. ಆಕೆಯ ಕೈ ಚಾಚಾನ ಕೈಯಲ್ಲಿತ್ತು. “ಆಗಲಿ ಚಾಚಾ, ಕೆಲಸ ಮುಗಸ್ರಿ” ಎಂದು ನಗುನಗುತ್ತಲೇ ಹೇಳಿ ಒಳಗೆ ಹೋದರು.

ಅಲ್ಲಿಂದ ಅಮಾವಾಸ್ಯೆಯವರೆಗೆ ಅವರು ಆಕೆಯೊಡನೆ ಮಾತಾಡಲಿಲ್ಲ. ಬೈಯಲಿಲ್ಲ, ತಟ್ಟೆ ದೂಡಲಿಲ್ಲ. ಆಕೆ ಬಡಿಸಿದ್ದನ್ನು ಉಂಡು, ಆಕೆ ಇರುವ ಕಡೆ ಗೋಡೆಯಿದೆ ಎಂಬಂತೆ ನೋಡಿ ಎದ್ದು ಹೋಗುತ್ತಿದ್ದರು. ತನ್ನ ತಪ್ಪೇನೆಂದು ಆಕೆಗೆ ತಿಳಿಯಲಿಲ್ಲ. ಕೊನೆಗೆ ಕಾಲು ಹಿಡಿದು ಕೇಳಿದಾಗ ಅವರು ಅತ್ತರಂತೆ. ಮಕ್ಕಳು ಅಳುವಂತೆ, ಆಕೆಯ ತೊಡೆಯ ಮೇಲೆ ತಲೆಯಿಟ್ಟು. “ನನಗ ತಡಕೊಳ್ಳಾಕ ಆಗಲ್ದು. ನೀ ನನ್ನ ಮುಂದ ಹಂಗ ಎಂದೂ ನಕ್ಕಿಲ್ಲ” ಎಂದರಂತೆ.

ಮರುದಿನ ಜಹೀರಾಬಾದಿನಿಂದ ಬಳೆ ತರಿಸಿದರು. ಕಟ್ಟೆಯ ಮೇಲೆ, ಓಣಿಯೆಲ್ಲ ನೋಡುವಂತೆ, ತಾವೇ ಆಕೆಯ ಕೈಗೆ ಇಡಿಸಿದರು. ಕೈಗೆ ಸರಿಯಾದ ಬಳೆ ಇಡಿಸಬೇಕಾದರೆ ಗೆಣ್ಣುಗಳನ್ನು ಒತ್ತಿ, ಅಂಗೈ ಮಡಚಿ, ಗಾಜು ಒಡೆಯದಂತೆ ಸರಿಸುವುದು ಬರಬೇಕು. ಅವರಿಗೆ ಅದು ಬರುತ್ತಿರಲಿಲ್ಲ. ಹಾಗಾಗಿ ಸುಮ್ಮನೆ ಹಾಕಿದರೆ ಹೋಗುವಂಥ ದೊಡ್ಡ ಅಳತೆಯವನ್ನೇ ತರಿಸಿದ್ದರು. ಮುಂದೆ ಯಾವಾಗಲೂ ಅದೇ ಅಳತೆ.

ಅಂದು ಓಣಿಯ ಗಂಡಸರಿಗೆಲ್ಲ ಕಷ್ಟ ಶುರುವಾಯಿತು. ನಮ್ಮವ್ವ ಉಣ್ಣಲು ಕೂತ ಅಪ್ಪನ ಮುಂದೆ ಕೈ ಚಾಚಿ, “ನೋಡ್ರಿ, ಮಾಸ್ತರು ಹೆಂಡತಿಗೆ ತಾವೇ ಬಳಿ ಇಡಸ್ಯಾರ. ನನ್ನ ಕೈಯಾಗ ಯಾವ ಬಣ್ಣದ ಬಳಿ ಅದಾವ ಹೇಳ್ರಿ ನೋಡಮು, ಕಣ್ಣ ಮುಚಗೊಂಡು” ಎಂದಳು.

“ರೊಟ್ಟಿ ಹಿಟ್ಟಿನ ಬಣ್ಣದವು” ಎಂದರು ಅಪ್ಪ. “ನೀಡು.”

“ಅದಕ್ಕೇ ಅನ್ನೂದು, ಪುಣ್ಯ ಮಾಡಿರಬೇಕು ಅಂಥಾ ಗಂಡನ್ನ ಪಡೀಬೇಕಾದ್ರ.”

ಅಕ್ಕನಿಗೂ ಹಾಗೆಯೇ ಅನ್ನಿಸಿತ್ತು. ಇದನ್ನು ಆಕೆಯೇ ನನಗೆ ಹೇಳಿದ್ದಾಳೆ. ಬಳೆ ಇಡಿಸಿದ ಆ ದಿನ ತನ್ನಂಥ ಸುಖಿ ಮೂರು ತಾಲೂಕಿನಲ್ಲಿ ಇಲ್ಲ ಎನ್ನಿಸಿತ್ತಂತೆ.

ನಮ್ಮ ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲಿ. ಕನ್ನಡ ಓದುವುದನ್ನು ಮನೆಯಲ್ಲೇ ಕಲಿಯಬೇಕು. ನಮ್ಮವ್ವನಿಗೆ ಓದು ಬಾರದು. ಅಕ್ಕನಿಗೆ ತಂದೆ ಪುರಾಣ ಓದುವಷ್ಟು ಕಲಿಸಿದ್ದರು. ಹಾಗೆ ನಾನು ಸಂಜೆ ಹೊತ್ತು ಆಕೆಯ ಅಡುಗೆಮನೆಗೆ ಪಾಟಿ ಹಿಡಿದು ಹೋಗತೊಡಗಿದೆ. ಮಾಸ್ತರರು ಒಪ್ಪಿಕೊಂಡರು. ನಾನು ಹುಡುಗಿ, ಅದೂ ಪಕ್ಕದ ಮನೆಯವಳು.

ಅವರು ಪಡಸಾಲೆಯಲ್ಲಿ ಕೂತು ಮಕ್ಕಳ ಲೆಕ್ಕ ತಿದ್ದುತ್ತಿದ್ದರು. ತಲೆ ಸ್ವಲ್ಪ ಬಲಕ್ಕೆ ವಾಲಿರುತ್ತಿತ್ತು. ಓದುವವರು ಹಾಗೆ ಕೂರುವುದಿಲ್ಲ, ಕೇಳುವವರು ಹಾಗೆ ಕೂರುತ್ತಾರೆ. ಬಳೆಯ ಸದ್ದು ನಿಂತರೆ, “ಏನ್ ಮಾಡಾಕತ್ತಿ?” ಎಂದು ಮೆಲ್ಲಗೆ ಕೇಳುವರು. ಅವರು ದನಿ ಎತ್ತರಿಸಿದ್ದನ್ನು ನಾನು ಕೇಳಿಲ್ಲ. ಅಕ್ಕ ಒಂದು ಉಪಾಯ ಕಲಿತಿದ್ದಳು. ಎಡಗೈಯಿಂದ ನನ್ನ ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಾ, ಬಲಗೈಯಲ್ಲಿ ಬರಿ ಮೊರ ಹಿಡಿದು ಅಲುಗಿಸುತ್ತಿದ್ದಳು. ಮೊರದಲ್ಲಿ ಕಾಳಿರುತ್ತಿರಲಿಲ್ಲ. “ಸದ್ದು ಬಂದ್ರ ಸಾಕು ತಂಗಿ” ಎನ್ನುತ್ತಿದ್ದಳು, ಅದರಲ್ಲಿ ವಿಶೇಷವೇನೂ ಇಲ್ಲ ಎಂಬಂತೆ.

ಒಮ್ಮೆ ನಾನು ‘ಳ’ ಅಕ್ಷರವನ್ನು ಬರೆದ ರೀತಿ ಕಂಡು ಆಕೆಗೆ ನಗು ಬಂತು. “ಇದೇನವ್ವಾ, ಬೆಕ್ಕು ಬಾಲ ಸುತ್ತಗೊಂಡು ಮಲಗ್ಯಾದ!” ಎಂದು ಇಬ್ಬರೂ ನಕ್ಕೆವು.

“ಏನು ನಗಿ?” ಪಡಸಾಲೆಯಿಂದ.

“ಏನಿಲ್ರಿ.”

“ಏನಿಲ್ಲದಕ್ಕ ಯಾರರ ನಗ್ತಾರೇನು? ಹೇಳು, ನಾನೂ ನಗ್ತೀನಿ.”

ಆಕೆ ಎದ್ದು ಹೋಗಿ ಬಾಗಿಲಲ್ಲಿ ನಿಂತು ಹೇಳಿದಳು. ಅವರು ನಗಲಿಲ್ಲ. “ಇದರಾಗ ನಗೂದೇನದ? ಇನ್ನೊಮ್ಮೆ ಹೇಳು” ಎಂದರು. ಆಕೆ ಇನ್ನೊಮ್ಮೆ ಹೇಳಿದಳು. “ಬೆಕ್ಕು ಅಂದಿ. ಯಾರ ಮನಿ ಬೆಕ್ಕು? ಆ ಮನಿ ನೆನಪು ಯಾಕ ಬಂತು?” ಅವರು ಕೇಳುತ್ತಾ ಹೋದರು, ಆಕೆ ಹೇಳುತ್ತಾ ಹೋದಳು. ನಾನು ಪಾಟಿಯನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಕೊನೆಗೆ ಆ ಬೆಕ್ಕಿನಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂದು ಅಕ್ಕನೇ ಒಪ್ಪಿಕೊಂಡಳು.

ಅಕ್ಷರಗಳು ಮುಗಿಯುವ ಮೊದಲೇ ಪಾಠ ನಿಂತಿತು. ಮಿಕ್ಕದ್ದನ್ನು ಹಿತ್ತಲ ಗೋಡೆಯ ಆಚೆಯಿಂದ ಅಕ್ಕ ಹೇಳಿಕೊಟ್ಟಂತೆ ಕಲಿತೆ.

ಹಾಡು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ನಿಂತದ್ದು ಒಂದು ದಿನವಲ್ಲ. ಬೀಸುವಾಗ ಹಾಡಿದರೆ ಓಣಿಯಲ್ಲಿ ಹೋಗುವವರು ಕೇಳುತ್ತಾರೆ ಎಂದರಂತೆ. ಮೆಲ್ಲಗೆ ಹಾಡಿದರೆ ಯಾರಿಗೂ ಕೇಳದಂತೆ ಹಾಡುವುದು ಯಾರಿಗಾಗಿ ಎಂದು ಕೇಳಿದರಂತೆ. ಆಮೇಲೆ ಬೀಸುಕಲ್ಲಿನ ಸದ್ದು ಮಾತ್ರ ಬರುತ್ತಿತ್ತು.

ಪೂಜೆಯ ವಿಷಯವನ್ನು ಮಾತ್ರ ನಾನು ಕಣ್ಣಾರೆ ಕಂಡೆ. ನಮ್ಮಲ್ಲಿ ಸ್ನಾನವಾದ ಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ. ಅದು ಪ್ರತಿಯೊಬ್ಬರಿಗೂ ತಮ್ಮದೇ ಆದ ಹೊತ್ತು. ಗಂಡನಿಗೂ ಹೆಂಡತಿಗೂ ಒಂದೇ ಲಿಂಗವಲ್ಲ. ಒಂದು ಬೆಳಿಗ್ಗೆ ಮಜ್ಜಿಗೆ ಕೇಳಲು ಹೋದಾಗ ಅಕ್ಕ ಪೂಜೆಗೆ ಕೂತಿದ್ದಳು. ಕಣ್ಣು ಪೂರ್ತಿ ತೆರೆದಿದ್ದವು, ರೆಪ್ಪೆ ಮಿಟುಕಿಸಲೂ ಅಂಜಿದಂತೆ. ಪೂಜೆ ಮುಗಿಸಿ ಎದ್ದ ಮೇಲೆ ಯಾಕೆ ಹಾಗೆ ಎಂದು ಕೇಳಿದೆ.

“ಕಣ್ಣು ಮುಚ್ಚಿದ್ರ ಯಾರು ಕಾಣಸ್ತಾರ ಅಂತ ಕೇಳ್ತಾರ ತಂಗಿ. ದೇವರು ಅಂದ್ರ ನಂಬೂದಿಲ್ಲ. ತೆರಕೊಂಡೇ ಕುಂತ್ರ ಕೇಳೂದಿಲ್ಲ.”

ನಾನು ಆಗ ಹದಿಮೂರರ ಹುಡುಗಿ. ಊರವರು ಹೇಳುವುದನ್ನೇ ಹೇಳಿದೆ: “ಮಾಸ್ತರು ನಿನ್ನ ಭಾಳ ಪ್ರೀತಿ ಮಾಡ್ತಾರ ಅಲ್ಲೇನಕ್ಕಾ?”

ಆಕೆ ತೋಳೆತ್ತಿ ಬಳೆ ಜಾಡಿಸಿ, ಮಜ್ಜಿಗೆಯ ಗಡಿಗೆಗೆ ಕೈಹಾಕಿದಳು. “ಮಾಡ್ತಾರ. ಒಮ್ಮೆ ಸಾಲವಲ್ದು ಅನಸ್ತದ, ಒಮ್ಮೆ ಭಾಳ ಆತು ಅನಸ್ತದ. ಎರಡರಾಗ ಯಾವುದು ಖರೆ ಅಂತ ತಿಳಿವಲ್ದು. ಅವರಿಗೂ ಸುಖ ಇಲ್ಲ ನೋಡು. ಉಂಡದ್ದು ಅವರ ಮೈಗೆ ಹತ್ತೂದಿಲ್ಲ.”

ಇದು ನಿಜ. ಮಾಸ್ತರರ ಕಣ್ಣಿನ ಕೆಳಗೆ ಯಾವಾಗಲೂ ಕಪ್ಪು. ಜಗಳದ ನಂತರ ಅವರು ಅಳುತ್ತಿದ್ದುದೂ ನಿಜ. ಸಂತೆಯಿಂದ ಮಲ್ಲಿಗೆ ತರುತ್ತಿದ್ದುದೂ, ಆಕೆಗೆ ತಲೆನೋವು ಬಂದರೆ ತಾವೇ ಎಣ್ಣೆ ಹಚ್ಚುತ್ತಿದ್ದುದೂ ನಿಜ. ಅವರು ಕ್ರೂರಿ ಎಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅಕ್ಕನಿಗೂ ಸುಲಭವಾಗುತ್ತಿತ್ತು. ಆ ಅಳುವೇ ಆಕೆಯನ್ನು ಕಟ್ಟಿಹಾಕಿತು.

ಒಂದು ಸಲ ಆಕೆ ಹೊರಗೆ ಬರಬಹುದಾಗಿತ್ತು.

ಪಂಚಮಿಗೆ ತವರಿಗೆ ಕಳಿಸಿ ಎಂದು ಅಕ್ಕನ ಅಣ್ಣ ತಾನೇ ಬಂದು ಕೂತ. ಮಾಸ್ತರರು ಬಹಳ ಯೋಚಿಸಿ, ಜೊತೆಗೆ ನಾನು ಹೋಗುವುದಾದರೆ ಆಗಲಿ ಎಂದರು. ಜಹೀರಾಬಾದಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಗಾಡಿ ನಾರಾಯಣಖೇಡ ದಾಟುವವರೆಗೂ ಅಕ್ಕ ಸುಮ್ಮನಿದ್ದಳು. ಆಚೆಗೆ ಜೋಳದ ಹೊಲಗಳ ನಡುವೆ ಬಂದಾಗ ಒಂದು ಹಾಡನ್ನು ಗುನುಗಿ, ತಾನೇ ಬೆಚ್ಚಿ ನಿಲ್ಲಿಸಿ, ಸುತ್ತ ನೋಡಿದಳು. ಅಣ್ಣ ಎತ್ತುಗಳ ಕಡೆ ಮುಖ ಮಾಡಿಕೊಂಡೇ, “ಹಾಡವ್ವಾ, ಎತ್ತಿಗೆ ಏನೂ ತಿಳಿಯೂದಿಲ್ಲ” ಎಂದ.

ತವರಿನಲ್ಲಿ ಹಬ್ಬಕ್ಕೆ ಮುಂಚೆ ಬಳೆಗಾರನನ್ನು ಕರೆಸಿದರು. ಅತ್ತಿಗೆ ಆಕೆಯ ಕೈ ಹಿಡಿದೆಳೆದು ಕೂಡಿಸಿದಳು. ಹಲ್ಲಿಲ್ಲದ ಮುದುಕ ಆ ಬಳೆಗಾರ. ದೊಡ್ಡ ಬಳೆಗಳನ್ನು ತೆಗೆದಿಟ್ಟು, ಹಸಿರು ಬಳೆಗಳನ್ನು ಗೆಣ್ಣು ಒತ್ತಿ ಒತ್ತಿ ಏರಿಸಿದ. ಅಕ್ಕನ ಕಣ್ಣಲ್ಲಿ ನೀರು ಬಂತು, ನೋವಿಗೆ. ಆಮೇಲೆ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬಳೆಗಳು ಮಣಿಕಟ್ಟಿನಲ್ಲಿ ನಿಂತವು. ಜೋಕಾಲಿಯಲ್ಲಿ ಜೀಕಿದಾಗಲೂ ಆಕೆಯ ಕೈಯಿಂದ ಸದ್ದು ಬರಲಿಲ್ಲ. ಆ ಕೆಲವು ದಿನ ಆಕೆ ಹೇಗಿದ್ದಳೆಂದು ಕೇಳಿದರೆ ಇಷ್ಟೇ ಹೇಳಬಲ್ಲೆ: ಮಾತಿನ ನಡುವೆ ಬಾಗಿಲ ಕಡೆ ನೋಡುವುದನ್ನು ಬಿಟ್ಟಿದ್ದಳು.

ಅಣ್ಣನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ನೋಡಿಯೇ ತಿಳಿದುಕೊಂಡಿದ್ದ. “ನೀ ಇಲ್ಲೇ ಇರವ್ವಾ. ದೀಪಾವಳಿ ತನಕ ಇರು, ಆಮ್ಯಾಲ ನೋಡಮು. ನಿನ್ನ ಎರಡು ರೊಟ್ಟಿ ನಮಗ ಭಾರ ಅಲ್ಲ” ಎಂದ. ಆಕೆ ಹೂಂ ಎಂದಳು. ನಾನು ಅಲ್ಲಿಯೇ ಇದ್ದೆ. ಸ್ಪಷ್ಟವಾಗಿ ಹೂಂ ಎಂದಳು.

ಮಾಸ್ತರರು ಬಂದರು. ಕರೆಯಲು ಬಂದೆ ಎನ್ನಲಿಲ್ಲ. ಮನೆಯೆದುರಿನ ಬೇವಿನ ಕಟ್ಟೆಯ ಮೇಲೆ ಕೂತರು. ನೀರು ಕೊಟ್ಟರೆ ಮುಟ್ಟಲಿಲ್ಲ. ಒಳಗೆ ಬನ್ನಿ ಎಂದರೆ, “ಆಕಿಗೆ ಇಲ್ಲೇ ಸುಖ ಅದ ಅಂದ್ರ ಇರಲಿ. ನಾ ಇಲ್ಲೇ ಕೂಡ್ತೀನಿ. ನಂದೇನು, ಇವತ್ತಲ್ಲ ನಾಳೆ ಮುಗೀತದ” ಎಂದರು. ಮರುದಿನವೂ ಹಾಗೇ ಕೂತಿದ್ದರು, ನೀರಿಲ್ಲದೆ ತುಟಿ ಒಡೆದಿತ್ತು. ಹಳ್ಳಿಯ ಹೆಂಗಸರು ನೀರಿಗೆ ಹೋಗುವವರು ನಿಂತು ನಿಂತು ನೋಡಿದರು.

“ಗಂಡ ಅಂದ್ರ ಹಿಂಗಿರಬೇಕು ನೋಡವ್ವಾ. ನೀರ ಸೈತ ಮುಟ್ಟವಲ್ಲ.”

“ನಮ್ಮಂವ ಆಗಿದ್ರ ನಾಕ ದಿನ ಆರಾಮ ಆತು ಅಂತಿದ್ದ!”

ಅಣ್ಣ ತಂಗಿಯ ಮುಂದೆ ಕೈಜೋಡಿಸಿ, “ಕೂಡ್ಲಿ ಬಿಡು. ಹಸಿವಾದ್ರ ತಾನೇ ಏಳ್ತಾನ” ಎಂದ.

“ಏಳೂದಿಲ್ಲಣ್ಣಾ. ಸಾಯ್ತಾರ, ಖರೇನ ಸಾಯ್ತಾರ. ಆಮ್ಯಾಲ ನಾ ಯಾರಿಗೆ ಮಾರಿ ತೋರಸ್ಲಿ?” ಎಂದು ಅಕ್ಕ ಚೀಲ ಕಟ್ಟಿದಳು.

ರೈಲಿನಲ್ಲಿ ಮಾಸ್ತರರು ನನಗೆ ಪೆಪ್ಪರಮಿಂಟು ಕೊಟ್ಟು ಕೇಳಿದರು: “ಬಳಿ ಇಡಿಸಿದವ ಎಷ್ಟು ವಯಸ್ಸಿನವ ತಂಗಿ?”

“ಮುದುಕ್ರಿ. ಹಲ್ಲೂ ಇಲ್ಲ ಅವಗ.”

“ಹಲ್ಲಿಲ್ಲಂದ್ರ ಕೈ ಇಲ್ಲೇನು?” ಎಂದು ಮುಗುಳ್ನಕ್ಕು, ಅಕ್ಕನ ಕಡೆ ತಿರುಗಿದರು. ತಾಂಡೂರು ಬರುವವರೆಗೂ ಅದೇ ಮೆಲುದನಿ. ಮೊದಲು ಎಡಗೈಯೋ ಬಲಗೈಯೋ. ನೋವಾದಾಗ ನೀ ಏನಂದಿ. ಅವ ಏನಂದ. ಆಮೇಲೆ ಕೈಮುಗಿದಿಯೇನು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಎರಡು ದಿನದ ನಂತರ ಅಕ್ಕ ಹಿತ್ತಲ ಗೋಡೆಯ ಹತ್ತಿರ ಬಂದಾಗ ಕೈ ಬರಿದಾಗಿತ್ತು. ಮುತ್ತೈದೆಯ ಕೈ ಬರಿದಾಗಿರುವುದನ್ನು ನೋಡಿ ನಮ್ಮವ್ವ ಕೈಯಲ್ಲಿದ್ದ ಚೊಂಬು ಕೆಳಗಿಟ್ಟಳು.

“ಏನಾತ ತಂಗೀ? ಯಾರು ಒಡದ್ರು?”

“ನಾನೇ ಒಡಕೊಂಡೆ ಅಕ್ಕಾ, ಬೀಸೋಕಲ್ಲಿಗೆ. ಅವರು ಒಡೀ ಅನ್ನಲಿಲ್ಲ. ಕೇಳೂದ ಬಿಟ್ರ ಸಾಕಾಗಿತ್ತು.” ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡು, “ಈಗ ಕೇಳವಲ್ರು” ಎಂದಳು. ಆ ಮಾತಿನಲ್ಲಿ ನಿರಾಳವಿತ್ತು. ಅದೇ ನನಗೆ ಎಲ್ಲಕ್ಕಿಂತ ಕೆಟ್ಟದೆನ್ನಿಸಿತು.

ಸಂಜೆಗೆ ದೊಡ್ಡ ಬಳೆಗಳ ಸದ್ದು ಮತ್ತೆ ಕೇಳಿತು. ನಮ್ಮವ್ವ ಅಂದಿನಿಂದ ಅಪ್ಪನ ಮುಂದೆ ಮಾಸ್ತರರ ಮಾತೆತ್ತಿ ಹಂಗಿಸುವುದನ್ನು ಬಿಟ್ಟಳು.

ನಾನು ಹೈದರಾಬಾದಿಗೆ ಓದಲು ಹೋದೆ. ರಜೆಗೆ ಬಂದಾಗಲೆಲ್ಲ ಅಕ್ಕ ಇನ್ನಷ್ಟು ತೆಳುವಾಗಿರುತ್ತಿದ್ದಳು. ಬಳೆ ಜಾಡಿಸಿದರೆ ಮೊಣಕೈ ದಾಟಿ ಮೇಲೆ ಹೋಗುತ್ತಿದ್ದವು. ಮಾತು ಕಡಿಮೆ. ಏನು ಓದುತ್ತೀ ಎಂದು ಕೇಳುವಳು, ನಾನು ಹೇಳಲು ಶುರು ಮಾಡಿದರೆ ಪಡಸಾಲೆಯ ಕಡೆ ನೋಡಿ, “ಸಾಕು, ಇಷ್ಟು ಸಾಕು” ಎನ್ನುವಳು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಆಕೆಗೆ ಜ್ವರ ಬಂತು, ಬಿಡಲಿಲ್ಲ. ನಾನು ಆಗ ಮನೆಯಲ್ಲಿದ್ದೆ. ಮಾಸ್ತರರೇ ಓಡಿಹೋಗಿ ಹಕೀಮರನ್ನು ಕರೆತಂದರು. ಹೆಂಗಸರು ಪರದೆಯಲ್ಲಿರುವ ಮನೆಗಳಲ್ಲೂ ಪರದೆಯ ಸಂದಿಯಿಂದ ಕೈ ಹೊರಗೆ ಚಾಚುತ್ತಾರೆ, ಹಕೀಮರು ನಾಡಿ ನೋಡುತ್ತಾರೆ. ಮಾಸ್ತರರು ಹಕೀಮರನ್ನು ಪಡಸಾಲೆಯಲ್ಲಿ ಕೂರಿಸಿ, ತಾವು ಒಳಗೆ ಹೋಗಿ, ಜೇಬಿನ ಗಡಿಯಾರ ತೆಗೆದು, ಆಕೆಯ ಮಣಿಕಟ್ಟು ಹಿಡಿದು ತಾವೇ ಎಣಿಸಿ ಒಳಗಿನಿಂದಲೇ ಹೇಳಿದರು.

“ನಬ್ಜ್ ಅಂದ್ರ ಗಿನತಿ ಅಲ್ರಿ ಮಾಸ್ತರಸಾಬ್. ಅದರ ನಡಿಗಿ ನೋಡಬೇಕು. ಬೆರಳಿಗೆ ತಿಳೀತದ, ಕಿವಿಗೆ ತಿಳಿಯಲ್ಲ” ಎಂದರು ಹಕೀಮರು.

“ನಾ ಲೆಕ್ಕದ ಮಾಸ್ತರ ಇದ್ದೀನ್ರಿ. ತಪ್ಪು ಎಣಿಸೂದಿಲ್ಲ.”

ನಮ್ಮವ್ವ ಆಕೆಯ ತಲೆಯ ಹತ್ತಿರ ಕೂತಿದ್ದಳು. “ಮಾಸ್ತರ್ರೆ, ಕೈ ಮುಗೀತೀನಿ. ಒಂದ್ ಗಳಿಗಿ ಆ ಹಕೀಮರ ಕೈಯಾಗ ಈಕಿ ಕೈ ಕೊಡ್ರಿ. ನಿಮ್ಮ ತಂದಿ ವಯಸ್ಸಿನವರದಾರ” ಎಂದಳು. ಮಾಸ್ತರರು ಅಕ್ಕನ ಮುಖ ನೋಡಿ, “ನಿನಗ ಬೇಕೇನು?” ಎಂದರು.

ಜ್ವರದಲ್ಲೂ ಆಕೆಗೆ ಆ ಪ್ರಶ್ನೆಯ ಉತ್ತರ ಗೊತ್ತಿತ್ತು. “ಬ್ಯಾಡ್ರಿ” ಎಂದಳು.

ಹಕೀಮರು ಎಣಿಕೆಯ ಮೇಲೆ ಔಷಧ ಕೊಟ್ಟರು. ಅವರು ನಾಡಿ ಹಿಡಿದಿದ್ದರೆ ಆಕೆ ಉಳಿಯುತ್ತಿದ್ದಳೇ ಎಂಬುದು ನನಗೆ ತಿಳಿಯದು. ತಿಳಿಯದ್ದನ್ನು ನಾನು ಬರೆಯುವುದಿಲ್ಲ. ಆ ವಾರದಲ್ಲೇ ಒಂದು ಬೆಳಿಗ್ಗೆ ಆಕೆ ತೀರಿಕೊಂಡಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಮುತ್ತೈದೆಯಾದರೆ ಹಸಿರು ಸೀರೆ, ಕೈತುಂಬ ಹೊಸ ಬಳೆ. ದೊಡ್ಡವ್ವ ಬಳೆಗಾರ ಚಾಚಾನಿಗೆ ಹೇಳಿಕಳಿಸಿದ್ದಳು. ಅವನು ಮಲಾರ ಹೊತ್ತು ಬಂದು ಬಾಗಿಲ ಹೊರಗೆ ನಿಂತ.

ಮಾಸ್ತರರು ಅಷ್ಟು ಹೊತ್ತು ಅಳುತ್ತಿದ್ದವರು ತಟ್ಟನೆ ತಲೆಯೆತ್ತಿದರು. “ಅವ ಬ್ಯಾಡ. ನಾ ಇಡಸ್ತೀನಿ.”

“ಇವತ್ತರ ಬಿಡಪ್ಪಾ” ಎಂದಳು ದೊಡ್ಡವ್ವ.

ಅವರು ಕೇಳಲಿಲ್ಲ. ಪೆಟ್ಟಿಗೆಯಿಂದ ಹಸಿರು ಬಳೆ ತಂದರು, ಅದೇ ದೊಡ್ಡ ಅಳತೆಯವು. ಒಂದೊಂದಾಗಿ ಇಡಿಸಿದರು. ಸುಲಭವಾಗಿಯೇ ಹೋದವು. ಆಕೆಯ ಬಲಗೈಯನ್ನು ಮೊಣಕಾಲ ಮೇಲೆ ಇಟ್ಟರು. ಶವಸಂಸ್ಕಾರಕ್ಕೆ ಬಂದಿದ್ದ ಅಯ್ಯನವರು ಎಡಗೈ ಎತ್ತಿ ಅಂಗೈಯಲ್ಲಿ ಲಿಂಗವಿಡಲು ಹೋದಾಗ ಕೈ ಸ್ವಲ್ಪ ಮುಂದಕ್ಕೆ ಬಾಗಿತು. ಆ ಕೈಯ ಬಳೆಗಳೆಲ್ಲ ಒಟ್ಟಿಗೆ ಜಾರಿ, ಬೆರಳು ದಾಟಿ, ಪರಸಿ ಕಲ್ಲಿನ ನೆಲದ ಮೇಲೆ ಬಿದ್ದು ಒಡೆದವು.

ಹೆಂಗಸರೆಲ್ಲ ಒಮ್ಮೆಲೇ ಬಾಯಿಗೆ ಸೆರಗು ಹಿಡಿದರು. ಮಾಸ್ತರರು ಉಳಿದ ಬಳೆ ತೆಗೆದು ಮತ್ತೆ ಇಡಿಸಿದರು. ಮತ್ತೆ ಜಾರಿದವು. “ಏ, ನಿಲ್ಲು” ಎಂದರು. ಬಳೆಗೆ ಹೇಳಿದರೋ ಆಕೆಗೆ ಹೇಳಿದರೋ. ಪೆಟ್ಟಿಗೆಯಲ್ಲಿ ಬೇರೆ ಅಳತೆಯವು ಇರಲಿಲ್ಲ. ಬಾಗಿಲಲ್ಲಿ ಚಾಚಾ ಮಲಾರ ಇಳಿಸದೆ ನಿಂತೇ ಇದ್ದ. ದೊಡ್ಡವ್ವ ಮಾಸ್ತರರ ಮುಖ ನೋಡಿದಳು, ಅಯ್ಯನವರು ನೋಡಿದರು. ಮಾಸ್ತರರು ಬೇಡವೆಂದು ತಲೆ ಅಲ್ಲಾಡಿಸಿದರು.

ಅಕ್ಕ ಒಂದು ಕೈ ಬರಿದಾಗಿಯೇ ಹೋದಳು. ಚಾಚಾ ಓಣಿಯ ತುದಿಯವರೆಗೆ ಹಿಂದೆ ಬಂದು, ಅಲ್ಲಿ ನಿಂತು, ಆಮೇಲೆ ಬೇರೆ ದಾರಿ ಹಿಡಿದ.

ಮಾಸ್ತರರು ಇನ್ನೊಂದು ಮದುವೆಯಾಗಲಿಲ್ಲ. ಊರು ಅದನ್ನೂ ಪ್ರೀತಿಯ ಲೆಕ್ಕಕ್ಕೇ ಹಾಕಿತು. ಆಕೆ ತೊಟ್ಟು ತೆಗೆದಿಟ್ಟಿದ್ದ ಹಳೆಯ ಬಳೆಗಳನ್ನು ದಾರಕ್ಕೆ ಪೋಣಿಸಿ ಅವರು ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದರು. ಗಾಳಿ ಬಂದರೆ ಸದ್ದಾಗುತ್ತಿತ್ತು. ನಮ್ಮ ಹಿತ್ತಲಿಗೂ ಕೇಳುತ್ತಿತ್ತು. ಪಡಸಾಲೆಯಲ್ಲಿ ತಲೆ ವಾಲಿಸಿಕೊಂಡು ಅವರು ಕೂತಿರುವುದು ಹಾದಿಯಿಂದ ಕಾಣುತ್ತಿತ್ತು. ಗಾಳಿ ನಿಂತ ಸಂಜೆಗಳಲ್ಲಿ ಎದ್ದುಹೋಗಿ ಒಳಗೆ ಇಣುಕಿ ನೋಡಿ ಬರುವರು.

ಈಗ ಅವರೂ ಇಲ್ಲ. ಮನೆ ಖಾಲಿ ಮಾಡಿಸುವ ದಿನ ಓಣಿಯ ಹೆಂಗಸರು ಹೋಗಿದ್ದೆವು. ದೊಡ್ಡವ್ವ ಆ ಬಳೆಗಳ ಸರ ಬಿಚ್ಚಿ ನನ್ನ ಕಡೆ ಚಾಚಿದಳು. ಬರುವ ಮಾಘದಲ್ಲಿ ನನ್ನ ಮದುವೆ.

“ತೊಗೊಳವ್ವಾ. ಮುತ್ತೈದಿಯಾಗಿ ಹೋದಾಕಿ ಬಳಿ. ಗಂಡ ಜೀವದಂಗ ಪ್ರೀತಿ ಮಾಡ್ಯಾನ. ಇಟ್ಟಗೊಂಡ್ರ ನಿನಗೂ ಹಂಗೇ ಆಗ್ತದ.”

ಅಷ್ಟರಲ್ಲಿ ನಮ್ಮವ್ವ ನನ್ನ ಮುಂದೆ ಬಂದು ನಿಂತಳು.

“ಬ್ಯಾಡ ಅತ್ತಿ. ಅಳತಿ ಆಗೂದಿಲ್ಲ” ಎಂದಳು.

ಮರುದಿನ ಅವ್ವ ತಾನೇ ಚಾಚಾನನ್ನು ಕರೆಸಿದಳು. ಅವನಿಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನನ್ನ ಕೈ ಹಿಡಿದು, “ಕೈ ಸಡಿಲ ಬಿಡ್ ಬೇಟಿ” ಎಂದ. ಅಷ್ಟಕ್ಕೇ ನಿಂತ. ಮಿಕ್ಕ ತಮಾಷೆಯನ್ನು ಅವನು ನಮ್ಮ ಓಣಿಯಲ್ಲಿ ಬಿಟ್ಟು ಬಹಳ ವರ್ಷಗಳಾದವು. ನನ್ನ ಕೈ ಬೇಗ ಸಡಿಲವಾಗಲಿಲ್ಲ. ಅವನು ಅವಸರ ಮಾಡಲಿಲ್ಲ. ನೋವಾಯಿತು, ಆದರೆ ಒಂದೂ ಒಡೆಯಲಿಲ್ಲ.

ಕೈಮುಗಿದು ಎದ್ದು ಒಳಗೆ ಬಂದೆ. ಗೋಡೆಯ ಆಚೆ ಯಾರೂ ಇಲ್ಲ. ಅಕ್ಕ ಮಾಡುತ್ತಿದ್ದಂತೆ ಎರಡೂ ತೋಳೆತ್ತಿ ಜಾಡಿಸಿದೆ. ಬಳೆಗಳು ಮಣಿಕಟ್ಟಿನಲ್ಲೇ ನಿಂತವು. ಸಣ್ಣಗೆ ಸದ್ದಾಯಿತು, ನನಗೆ ಮಾತ್ರ ಕೇಳಿಸುವಷ್ಟು.